ಬಿಸಿಲ ನಾಡಿನ ಹುಡುಗ, ಯುರೋಪಿನ ಐಸ್ ಹಾದಿ: ವೈರಲ್ ಸ್ಲೆಡ್ ವಿಡಿಯೊಗಳ ಹಿಂದಿನ ವಿಜ್ಞಾನವೇನು?

ಕೆಲವು ಸೆಕೆಂಡುಗಳ ಈ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಐಸ್ ಕಾಲುವೆಯೊಳಗೆ ಒಬ್ಬ ಆಟಗಾರ ಅಂಗಾತ ಮಲಗಿ ಬಾಣದಂತೆ ಜಾರುತ್ತಿದ್ದಾನೆ. ಒಂದು ತಿರುವಿನಲ್ಲಿ ಸ್ಲೆಡ್‌ನಿಂದ ಕೆಳಗೆ ಬೀಳುತ್ತಾನೆ. ಬಿದ್ದವನು ಕೈ ಬಿಡುವುದಿಲ್ಲ. ಜಾರುತ್ತಿರುವಾಗಲೇ ಸ್ಲೆಡ್ ಹಿಡಿದು ಮತ್ತೆ ಅದರ ಮೇಲೆ ಹತ್ತಿ ಮಲಗಿ ಓಟ ಮುಗಿಸುತ್ತಾನೆ.

ಇನ್ನೊಂದು ವಿಡಿಯೊದಲ್ಲಿ ಅದೇ ಆಟಗಾರ ಹಿಮಾಲಯದ ಡಾಂಬರು ರಸ್ತೆಯಲ್ಲಿ ಚಕ್ರ ಹಾಕಿದ ಸ್ಲೆಡ್ ಮೇಲೆ ಮಲಗಿ, ಲಾರಿಗಳ ಮತ್ತು ಕುರಿ ಹಿಂಡಿನ ನಡುವೆ ನುಗ್ಗಿ ಇಳಿಯುತ್ತಾನೆ.

ಇಂಥ ವಿಡಿಯೊಗಳ ಜೊತೆಗೆ ಬಗೆಬಗೆಯ ಮಾತುಗಳೂ ಬರುತ್ತವೆ. "ಮಲಗಿಕೊಂಡು ಜಾರುವುದು ಒಂದು ಆಟವೇ?", "ನಮ್ಮಂಥ ಬಿಸಿಲ ನಾಡಿನವರ ಮೈಗೆ ಇದು ಒಗ್ಗಲ್ಲ", "ಐಸ್ ಎಲ್ಲಿದ್ದರೂ ಐಸೇ ತಾನೇ, ಅಭ್ಯಾಸ ಎಲ್ಲಿ ಮಾಡಿದರೇನು?", "30ನೇ ಸ್ಥಾನ ಬಂದವನಿಗೆ ಯಾಕಿಷ್ಟು ಹೊಗಳಿಕೆ?"

ಒಂದೊಂದನ್ನೇ ನೋಡೋಣ.

ಮೊದಲು ಚುಟುಕಾಗಿ

- ವಿಡಿಯೊದಲ್ಲಿರುವವರು ಶಿವ ಕೇಶವನ್. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಆರು ಬಾರಿ ಸ್ಪರ್ಧಿಸಿದ ಲೂಜ್ ಆಟಗಾರ.
- ಬಿದ್ದು ಮತ್ತೆ ಹತ್ತಿದ ದೃಶ್ಯ ನಿಜ. 2014ರ ಸೋಚಿ ಒಲಿಂಪಿಕ್ಸ್‌ನದು. ಆದರೆ ಅದು ಸ್ಪರ್ಧೆಯ ಓಟವಲ್ಲ, ತರಬೇತಿ ಓಟ.
- ರಸ್ತೆಯ ವಿಡಿಯೊ ಕೂಡ ನಿಜ. ಆದರೆ ಅದು ಸಾಹಸಕ್ಕಾಗಿ ಮಾಡಿದ್ದಲ್ಲ. ದೇಶದಲ್ಲಿ ಐಸ್ ಹಾದಿಯೇ ಇಲ್ಲದ್ದರಿಂದ ಮಾಡಿದ್ದು. ಮಕ್ಕಳು ಅನುಕರಿಸಬಾರದು.
- ಪ್ರತಿ ಐಸ್ ಹಾದಿಯೂ ಬೇರೆ. ಪರಿಚಯವಿಲ್ಲದ ಹಾದಿ ಪದಕವನ್ನಷ್ಟೇ ಅಲ್ಲ, ಪ್ರಾಣವನ್ನೂ ತೆಗೆಯಬಲ್ಲದು.

ಲೂಜ್ ಎಂದರೇನು?

ಐಸ್ ಹಾದಿಯಲ್ಲಿ ಮೂರು ಬಗೆಯ ಸ್ಲೆಡ್ ಆಟಗಳಿವೆ. ಬಾಬ್‌ಸ್ಲೆಯಲ್ಲಿ ದೋಣಿಯಂಥ ಗಾಡಿಯೊಳಗೆ ಕೂರುತ್ತಾರೆ. ಸ್ಕೆಲೆಟನ್‌ನಲ್ಲಿ ಬೋರಲಾಗಿ ಮಲಗಿ ತಲೆ ಮುಂದೆ ಮಾಡಿ ಜಾರುತ್ತಾರೆ. ಲೂಜ್‌ನಲ್ಲಿ ಅಂಗಾತ ಮಲಗಿ, ಕಾಲು ಮುಂದೆ ಮಾಡಿ ಜಾರುತ್ತಾರೆ.

ಲೂಜ್ ಸ್ಲೆಡ್‌ಗೆ ಎಂಜಿನ್ ಇಲ್ಲ, ಸ್ಟೀರಿಂಗ್ ಇಲ್ಲ, ಬ್ರೇಕ್ ಕೂಡ ಇಲ್ಲ. ಕೆಳಗೆ ಎರಡು ಉಕ್ಕಿನ ಪಟ್ಟಿ, ಮೇಲೆ ಬೆನ್ನಿಗೊಂದು ತೊಟ್ಟಿಲು, ಅಷ್ಟೇ. ಆಟಗಾರ ಎರಡು ಹಿಡಿಗಳನ್ನು ಹಿಡಿದು ತನ್ನನ್ನು ಮುಂದಕ್ಕೆ ಎಳೆದುಕೊಳ್ಳುತ್ತಾನೆ. ಮುಳ್ಳಿರುವ ಕೈಗವಸಿನಿಂದ ಐಸನ್ನು ನಾಲ್ಕಾರು ಬಾರಿ ಕೆರೆದು ವೇಗ ಪಡೆದು ಮಲಗುತ್ತಾನೆ. ಅಲ್ಲಿಂದ ಮುಂದೆ ಎಳೆಯುವುದು ಭೂಮಿಯ ಗುರುತ್ವ ಮಾತ್ರ.

ಈ ಆಟ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬೆಟ್ಟದೂರುಗಳಲ್ಲಿ. 1883ರಲ್ಲಿ ದಾವೋಸ್‌ನಿಂದ ಕ್ಲೋಸ್ಟರ್ಸ್‌ವರೆಗಿನ 4 ಕಿ.ಮೀ. ರಸ್ತೆಯಲ್ಲಿ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ಮೊದಲ ಸ್ಥಾನವನ್ನು ಇಬ್ಬರು ಹಂಚಿಕೊಂಡರು: ಒಬ್ಬ ಆಸ್ಟ್ರೇಲಿಯಾದ ವಿದ್ಯಾರ್ಥಿ, ಇನ್ನೊಬ್ಬ ಅದೇ ಕ್ಲೋಸ್ಟರ್ಸ್‌ನ ಅಂಚೆಯಣ್ಣ. ಲೂಜ್ ಒಲಿಂಪಿಕ್ಸ್ ಸೇರಿದ್ದು 1964ರಲ್ಲಿ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ.

ಎಷ್ಟು ವೇಗ? ನಮ್ಮೂರ ಲೆಕ್ಕದಲ್ಲಿ ಹೇಳುವುದಾದರೆ

ಕೆಜಿಎಫ್ ತಾಲ್ಲೂಕಿನ ಕ್ಯಾಸಂಬಳ್ಳಿಯವರಿಗೆ ಕಮ್ಮಸಂದ್ರದ ಕೋಟಿಲಿಂಗೇಶ್ವರ ಗೊತ್ತಿರುತ್ತದೆ. ಅಲ್ಲಿಯ ದೊಡ್ಡ ಲಿಂಗದ ಎತ್ತರ 108 ಅಡಿ. ಅಂಥ ಮೂರೂವರೆ ಲಿಂಗಗಳನ್ನು ಒಂದರ ಮೇಲೊಂದು ಇಟ್ಟರೆ ಸುಮಾರು 120 ಮೀಟರ್ ಆಗುತ್ತದೆ. ಒಂದು ಸಾಮಾನ್ಯ ಐಸ್ ಹಾದಿಯ ಮೇಲ್ತುದಿಗೂ ಕೆಳತುದಿಗೂ ಇರುವ ಎತ್ತರದ ವ್ಯತ್ಯಾಸ ಹೆಚ್ಚುಕಡಿಮೆ ಇಷ್ಟೇ. ಈ ಎತ್ತರವನ್ನು ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದದ, ಹದಿನಾರು ಹದಿನೇಳು ತಿರುವಿನ ಕಾಲುವೆಯಲ್ಲಿ ಇಳಿಸಿರುತ್ತಾರೆ.

120 ಮೀಟರ್ ಎತ್ತರದಿಂದ ಯಾವ ತಡೆಯೂ ಇಲ್ಲದೆ ಇಳಿದರೆ ಗಂಟೆಗೆ ಸುಮಾರು 175 ಕಿ.ಮೀ. ವೇಗ ಬರಬೇಕು. ಗಾಳಿ ಮತ್ತು ಐಸ್‌ನ ಉಜ್ಜುವಿಕೆ ಅದರಲ್ಲಿ ಒಂದು ಪಾಲನ್ನು ತಿಂದುಹಾಕುತ್ತವೆ. ಉಳಿಯುವುದು ಗಂಟೆಗೆ 130ರಿಂದ 140 ಕಿ.ಮೀ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ರೈಲು ಪ್ಲಾಟ್‌ಫಾರ್ಮ್ ನಡುಗಿಸಿಕೊಂಡು ಹೋಗುತ್ತದಲ್ಲ, ಅದಕ್ಕೆ ಕಡಿಮೆಯಿಲ್ಲದ ವೇಗ. ರೈಲಿಗೆ ಹಳಿಯಿದೆ, ಬ್ರೇಕ್ ಇದೆ. ಇಲ್ಲಿ ಬೆನ್ನಿನಿಂದ ಒಂದು ಗೇಣು ಕೆಳಗೆ ಐಸ್.

ಈ ವೇಗದಲ್ಲಿ ಒಂದು ಕ್ರಿಕೆಟ್ ಪಿಚ್ ದಾಟಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಲೂಜ್‌ನಲ್ಲಿ ಸಮಯವನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯುವುದು ಇದಕ್ಕೇ. ಆ ಒಂದು ಭಾಗದಲ್ಲಿ ಸ್ಲೆಡ್ ಸಾಗುವುದು ಮೂರೂವರೆ ಸೆಂಟಿಮೀಟರ್, ನಿಮ್ಮ ಎರಡು ಬೆರಳಿನ ಅಗಲ.

ಮಾತು 1: "ಮಲಗಿ ಜಾರುವುದಷ್ಟೇ, ಅದರಲ್ಲೇನು ಕೌಶಲ?"

ತಪ್ಪು. ಸ್ಲೆಡ್ ತಾನಾಗಿ ಜಾರುತ್ತದೆ, ಆದರೆ ತಾನಾಗಿ ತಿರುಗುವುದಿಲ್ಲ. ಆಟಗಾರ ಎಡಗಾಲಿನ ಮೀನಖಂಡದಿಂದ ಸ್ಲೆಡ್‌ನ ಮುಂಬಾಗವನ್ನು ಒಳಕ್ಕೆ ಒತ್ತಿದರೆ ಅದು ಬಲಕ್ಕೆ ಹೊರಳುತ್ತದೆ. ಬಲಗಾಲು ಒತ್ತಿದರೆ ಎಡಕ್ಕೆ. ಜೊತೆಗೆ ಭುಜದ ಒತ್ತು. ಈ ಒತ್ತುಗಳು ಎಷ್ಟು ಸೂಕ್ಷ್ಮವೆಂದರೆ ಹೊರಗೆ ನಿಂತು ನೋಡುವವರಿಗೆ ಆಟಗಾರ ನಿದ್ದೆ ಮಾಡುತ್ತಿರುವಂತೆ ಕಾಣುತ್ತದೆ.

ಇನ್ನು ತಿರುವಿನ ವಿಷಯ. ಬಸ್ ರಭಸವಾಗಿ ತಿರುಗಿದಾಗ ನಾವು ಪಕ್ಕದವರ ಮೇಲೆ ವಾಲುತ್ತೇವೆ. ಸ್ಲೆಡ್‌ನಲ್ಲಿ ಅದೇ ಬಲ ಹಲವು ಪಟ್ಟು. ಗಂಟೆಗೆ 120 ಕಿ.ಮೀ. ವೇಗದಲ್ಲಿ 25 ಮೀಟರ್ ತ್ರಿಜ್ಯದ ತಿರುವು ಹಾಯ್ದರೆ ಭೂಮಿಯ ಸೆಳೆತದ ನಾಲ್ಕೂವರೆ ಪಟ್ಟಿನಷ್ಟು ಬಲ ಮೈಮೇಲೆ ಬೀಳುತ್ತದೆ. ಹೆಲ್ಮೆಟ್ ಸೇರಿ 6 ಕೆಜಿ ಇರುವ ತಲೆ ಆ ಕ್ಷಣಕ್ಕೆ 27 ಕೆಜಿ ಆದಂತೆ, ಅಂದರೆ ಅರ್ಧ ಮೂಟೆ ಸಿಮೆಂಟಿಗಿಂತ ಹೆಚ್ಚು. ಕತ್ತು ಅದನ್ನು ಹೊರಬೇಕು. ಕಾಲು ಆಗಲೂ ಲೆಕ್ಕ ತಪ್ಪದೆ ಒತ್ತಬೇಕು.

ಎದುರಿಗೆ ಕಾಣುವುದೂ ಕಡಿಮೆ. ತಲೆ ಎತ್ತಿದರೆ ಗಾಳಿ ಹಿಡಿದು ವೇಗ ತಗ್ಗುತ್ತದೆ. ಹಾಗಾಗಿ ಆಟಗಾರ ಹಾದಿಯನ್ನು ಕಣ್ಣಿನಿಂದ ನೋಡುವುದಕ್ಕಿಂತ ಬೆನ್ನಿನಿಂದ ಓದುತ್ತಾನೆ. ಮುಂದಿನ ತಿರುವು ಯಾವಾಗ ಬರುತ್ತದೆ ಎಂಬುದು ನೆನಪಿನಲ್ಲಿ ಇರಬೇಕು.

ಮಾತು 2: "ಐಸ್ ಎಲ್ಲಿದ್ದರೂ ಐಸೇ"

ತಪ್ಪು. ಈ ಆಟದ ಕಷ್ಟದ ತಿರುಳು ಇಲ್ಲೇ ಇದೆ.

ಕ್ರಿಕೆಟ್ ಪಿಚ್ ಬೆಂಗಳೂರಿನಲ್ಲೂ ಲಂಡನ್ನಿನಲ್ಲೂ 22 ಗಜ. ಕಬಡ್ಡಿ ಅಂಗಳಕ್ಕೂ ನಿಗದಿತ ಅಳತೆಯಿದೆ. ಐಸ್ ಹಾದಿಗೆ ಹಾಗಿಲ್ಲ. ಪ್ರತಿಯೊಂದೂ ತಾನಿರುವ ಬೆಟ್ಟದ ಮೈಗೆ ತಕ್ಕಂತೆ ಕಟ್ಟಿದ್ದು. ಉದ್ದ ಬೇರೆ, ತಿರುವು ಬೇರೆ, ಇಳಿಜಾರು ಬೇರೆ.

ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನ ಬಾಬ್ ಹಾದಿಯನ್ನು ಪ್ರತಿ ಚಳಿಗಾಲದಲ್ಲೂ ಹಿಮ ಮತ್ತು ನೀರಿನಿಂದ ಕೈಯಾರೆ ಹೊಸದಾಗಿ ಕಟ್ಟುತ್ತಾರೆ. ಬೇಸಿಗೆ ಬಂದರೆ ಅದು ಕರಗಿ ಹೋಗುತ್ತದೆ. ಹೋದ ವರ್ಷದ ತಿರುವು ಈ ವರ್ಷ ಕೂದಲೆಳೆಯಷ್ಟೂ ಬದಲಾಗಿರುವುದಿಲ್ಲ ಎಂದು ಯಾರೂ ಹೇಳಲಾರರು. ಜರ್ಮನಿಯ ಕ್ಯೋನಿಗ್ಸೆಯಲ್ಲಿ 1960ರ ದಶಕದ ಕೊನೆಯಲ್ಲಿ ಜಗತ್ತಿನ ಮೊದಲ ಕೃತಕ ಶೀತಲೀಕೃತ ಹಾದಿ ತಯಾರಾಯಿತು. ಕಾಂಕ್ರೀಟ್ ಕಾಲುವೆಯ ಒಳಗೆ ಕೊಳವೆಗಳು, ಕೊಳವೆಯೊಳಗೆ ಶೀತಕ, ಮೇಲೆ ನೀರು ಚಿಮುಕಿಸಿ ಕೆಲವು ಸೆಂಟಿಮೀಟರ್ ದಪ್ಪಕ್ಕೆ ಬೆಳೆಸಿದ ಐಸ್. ತತ್ವದಲ್ಲಿ ಇದು ನಮ್ಮ ಐಸ್ ಫ್ಯಾಕ್ಟರಿಯೇ, ಬೆಟ್ಟದ ಉದ್ದಕ್ಕೆ ಮಲಗಿಸಿದ್ದು. ಜರ್ಮನಿಯದೇ ಆದ ಆಲ್ಟೆನ್‌ಬರ್ಗ್ ಹಾದಿ ಕಷ್ಟಕ್ಕೆ ಹೆಸರಾದದ್ದು. ಆಸ್ಟ್ರಿಯಾದ ಇಗ್ಲ್ಸ್ ಅದಕ್ಕಿಂತ ಸೌಮ್ಯ. ಕೆಲವು ಹಾದಿಗಳಲ್ಲಿ 'ಕ್ರೈಸೆಲ್' ಎಂಬ, ಪೂರ್ತಿ ಒಂದು ಸುತ್ತು ಹಾಕಿಸುವ ತಿರುವು ಇರುತ್ತದೆ. ಅದರೊಳಗೆ ಹೊಕ್ಕವನಿಗೆ ಹೊರಬರುವ ಕ್ಷಣ ಯಾವುದೆಂದು ಮೈಗೆ ಗೊತ್ತಿರಬೇಕು.

ಅದೇ ಹಾದಿಯೂ ಒಂದೇ ದಿನದಲ್ಲಿ ಬದಲಾಗುತ್ತದೆ. ಬೆಳಗಿನ ಐಸ್ ಗಟ್ಟಿ, ಬಿಸಿಲೇರಿದರೆ ಮೆದು, ಹಿಮ ಬಿದ್ದರೆ ನಿಧಾನ. ಮೊದಲು ಇಳಿದವರ ಉಕ್ಕು ಐಸನ್ನು ಗೀರಿರುತ್ತದೆ. ನಂತರ ಇಳಿಯುವವನಿಗೆ ಆ ಗೀರುಗಳೇ ಬರುತ್ತವೆ.

ನಮ್ಮ ಕಡೆಯ ಸೈನೈಡ್ ಗುಡ್ಡಗಳನ್ನು ನೆನೆಯಿರಿ. ದೂರದಿಂದ ಎಲ್ಲವೂ ಒಂದೇ ಬಣ್ಣ, ಒಂದೇ ಆಕಾರ. ಹತ್ತಿರ ಹೋದರೆ ಒಂದೊಂದು ಮಳೆಗಾಲವೂ ಬೇರೆಬೇರೆ ಕೊರಕಲು ಕೊರೆದಿರುತ್ತದೆ. ಒಂದು ಗುಡ್ಡ ಇಳಿದು ಗೊತ್ತಿದ್ದವನಿಗೆ ಇನ್ನೊಂದು ಗುಡ್ಡ ಗೊತ್ತೆಂದು ಹೇಳಲಾಗದು. (ಅಂದಹಾಗೆ, ಅಲ್ಲಿ ಮಕ್ಕಳನ್ನು ಜಾರಲು ಬಿಡಬೇಡಿ. ಅದು ಮಣ್ಣಲ್ಲ, ಚಿನ್ನ ತೆಗೆದ ಮೇಲೆ ಉಳಿದ ರಾಸಾಯನಿಕ ಬೆರೆತ ಪುಡಿ.)

ಹೊಸ ಹಾದಿ ಕಲಿಯಲು ಎಷ್ಟು ಸಮಯ ಸಿಗುತ್ತದೆ?

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಓಟ ಸುಮಾರು 50 ಸೆಕೆಂಡು. ಬೇರೆ ದೇಶದ ಹಾದಿಗೆ ಸ್ಪರ್ಧೆಗೆ ಹೋದವನಿಗೆ ಆರು ತರಬೇತಿ ಓಟ ಸಿಕ್ಕಿತು ಅಂದುಕೊಳ್ಳಿ. ಒಟ್ಟು 300 ಸೆಕೆಂಡು, ಅಂದರೆ ಐದು ನಿಮಿಷ. ವಿಮಾನ, ರೈಲು, ಬಸ್ಸು ಹತ್ತಿ, ಸ್ಲೆಡ್ ಹೊತ್ತು, ಭಾಷೆ ಬಾರದ ಊರಿಗೆ ಹೋಗಿ ಸಿಗುವ ಐಸ್ ಐದು ನಿಮಿಷದ್ದು.

ಅದೇ ಊರಿನ ಹುಡುಗ ಚಿಕ್ಕಂದಿನಿಂದ ಆ ಹಾದಿಯಲ್ಲಿ 600 ಬಾರಿ ಇಳಿದಿದ್ದರೆ ಅವನ ಅನುಭವ ಎಂಟು ಗಂಟೆಗೂ ಹೆಚ್ಚು. ನೂರು ಪಟ್ಟು.

ಈ ಅಂತರ ತುಂಬಲು ಆಟಗಾರರು ಮಾಡುವ ಕೆಲಸ ಒಂದಿದೆ. ಓಟಕ್ಕೆ ಮೊದಲು ಹಾದಿಯ ಪಕ್ಕದಲ್ಲಿ ನಡೆದು ಒಂದೊಂದು ತಿರುವನ್ನೂ ನೋಡುತ್ತಾರೆ. ಎಲ್ಲಿ ಒಳಹೊಗಬೇಕು, ಎಷ್ಟು ಎತ್ತರ ಏರಬೇಕು, ಎಲ್ಲಿ ಕಾಲು ಒತ್ತಬೇಕು ಎಂದು ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಕೂತು, ಕೈ ತಲೆ ಆಡಿಸುತ್ತಾ ಮನಸ್ಸಿನಲ್ಲೇ ಇಳಿಯುತ್ತಾರೆ. ಸ್ಪರ್ಧೆಯ ಜಾಗದಲ್ಲಿ ಹೀಗೆ ತೂಗುತ್ತಾ ಕೂತವರನ್ನು ನೋಡಿ ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಳ್ಳಬಹುದು. ಅವರು ಮಾಡುತ್ತಿರುವುದು ಬಾಯಿಪಾಠ. ಮಗ್ಗಿ ಒಪ್ಪಿಸಿದ ಹಾಗೆ.

ಬಾಯಿಪಾಠ ತಪ್ಪಿದರೆ? ಒಂದು ತಿರುವಿಗೆ ತುಸು ತಡವಾಗಿ ಹೊಕ್ಕರೆ ಸ್ಲೆಡ್ ಬೇಡದ ಎತ್ತರಕ್ಕೆ ಏರುತ್ತದೆ, ಬೇಡದ ಕೋನದಲ್ಲಿ ಹೊರಬರುತ್ತದೆ, ಮುಂದಿನ ತಿರುವಿಗೆ ಇನ್ನೂ ತಪ್ಪಾಗಿ ಹೊಗುತ್ತದೆ. ಎಂಟನೇ ತಿರುವಿನ ಸಾಲವನ್ನು ಹತ್ತನೇ ತಿರುವಿನಲ್ಲಿ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ.

2010ರಲ್ಲಿ ಏನಾಯಿತು?

2010ರ ಫೆಬ್ರವರಿ 12. ಕೆನಡಾದ ವ್ಯಾಂಕೂವರ್ ಒಲಿಂಪಿಕ್ಸ್ ಉದ್ಘಾಟನೆಯ ದಿನ. ವಿಸ್ಲರ್ ಹಾದಿಯಲ್ಲಿ ಜಾರ್ಜಿಯಾ ದೇಶದ 21 ವರ್ಷದ ನೋದರ್ ಕುಮಾರಿತಾಶ್ವಿಲಿ ತರಬೇತಿ ಓಟ ಇಳಿಯುತ್ತಿದ್ದ. ಕೊನೆಯ ತಿರುವಿನಲ್ಲಿ ಹಿಡಿತ ತಪ್ಪಿತು. ಗಂಟೆಗೆ 140 ಕಿ.ಮೀ. ಮೀರಿದ ವೇಗದಲ್ಲಿ ಹಾದಿಯ ಗೋಡೆ ಹಾರಿ, ಹೊರಗಿದ್ದ ಉಕ್ಕಿನ ಕಂಬಕ್ಕೆ ಬಡಿದು ತೀರಿಕೊಂಡ.

ವಿಸ್ಲರ್ ಜಗತ್ತಿನ ಅತಿ ವೇಗದ ಹಾದಿ. ಅಲ್ಲಿ ಒಬ್ಬ ಆಟಗಾರ ಗಂಟೆಗೆ ಸುಮಾರು 154 ಕಿ.ಮೀ. ಮುಟ್ಟಿದ್ದೂ ಉಂಟು. ಆತಿಥೇಯ ದೇಶದ ಆಟಗಾರರಿಗೆ ಅಲ್ಲಿ ಅಭ್ಯಾಸದ ಅವಕಾಶ ಧಾರಾಳವಾಗಿತ್ತು, ಹೊರಗಿನವರಿಗೆ ಕಡಿಮೆ ಎಂಬ ದೂರು ಮೊದಲೇ ಇತ್ತು. ಸಾವಿನ ನಂತರ ಅಲ್ಲಿಯ ಅಧಿಕೃತ ವಿಚಾರಣಾ ವರದಿ ಹಲವು ಕಾರಣಗಳನ್ನು ಒಟ್ಟಿಗೆ ಹೇಳಿತು. ಆ ಕಠಿಣ ಹಾದಿಯಲ್ಲಿ ಅವನಿಗಿದ್ದ ಅನುಭವದ ಕೊರತೆಯೂ ಅವುಗಳಲ್ಲಿ ಒಂದು.

ಸ್ಪರ್ಧೆಗೆ ಮೊದಲು ಗೋಡೆ ಎತ್ತರಿಸಿದರು. ಪುರುಷರ ಆರಂಭದ ಜಾಗವನ್ನು ಕೆಳಕ್ಕೆ ಇಳಿಸಿದರು. ನಂತರ ಕಟ್ಟಿದ ಸೋಚಿ ಹಾದಿಯಲ್ಲಿ ವೇಗ ತಗ್ಗಿಸಲೆಂದೇ ಮೂರು ಕಡೆ ಏರು ಇಟ್ಟರು. ಆದರೆ ಆ ಹುಡುಗ ಬರಲಿಲ್ಲ.

ಅದೇ ಒಲಿಂಪಿಕ್ಸ್‌ನಲ್ಲಿ, ಅದೇ ಹಾದಿಯಲ್ಲಿ ಶಿವ ಕೇಶವನ್ ಕೂಡ ಇಳಿದರು. 29ನೇ ಸ್ಥಾನ ಬಂದರು. ಸ್ಥಾನದ ಸಂಖ್ಯೆಯನ್ನು ಮಾತ್ರ ನೋಡಿ ನಗುವ ಸಂದೇಶ ಬಂದಾಗ ಈ ಹಿನ್ನೆಲೆ ನೆನಪಿರಲಿ.

ಮಾತು 3: "ಬಿಸಿಲ ನಾಡಿನವರಿಗೆ ಆಗದ ಆಟ"

ಶಿವ ಕೇಶವನ್ ಹುಟ್ಟಿದ್ದು 1981ರಲ್ಲಿ, ಮನಾಲಿಯಲ್ಲಿ. ಬೆಳೆದದ್ದು ಪಕ್ಕದ ವಶಿಷ್ಠ ಗ್ರಾಮದಲ್ಲಿ. ತಂದೆ ಕೇರಳದ ತಲಶ್ಶೇರಿ ಕಡೆಯವರು, ತಾಯಿ ಇಟಲಿಯವರು. ಮನಾಲಿಯಲ್ಲಿ ಹಿಮ ಬೀಳುತ್ತದೆ ನಿಜ, ಆದರೆ ಲೂಜ್ ಹಾದಿ ಅಲ್ಲೂ ಇಲ್ಲ, ಇಡೀ ಭಾರತದಲ್ಲಿ ಎಲ್ಲೂ ಇಲ್ಲ. 1990ರ ದಶಕದ ಮಧ್ಯದಲ್ಲಿ ಆಸ್ಟ್ರಿಯಾದ ಮಾಜಿ ಲೂಜ್ ಆಟಗಾರ ಗುಂಟರ್ ಲೆಮ್ಮರರ್ ಪಂಚಕುಲದಲ್ಲಿ ಒಂದು ಶಿಬಿರ ನಡೆಸಿದರು. ಅಲ್ಲಿ ಇದ್ದದ್ದು ಚಕ್ರದ ಸ್ಲೆಡ್. ಆ ಶಿಬಿರದಿಂದ ಆಯ್ಕೆಯಾದ ಶಾಲಾ ಹುಡುಗ ತರಬೇತಿಗೆಂದು ಇನ್ಸ್‌ಬ್ರುಕ್ ಬಳಿಯ ಇಗ್ಲ್ಸ್‌ಗೆ ಹೋದ. ಚಕ್ರದಿಂದ ಐಸಿಗೆ ಬಂದದ್ದು ಹೀಗೆ.

ಚಕ್ರಕ್ಕೂ ಐಸಿಗೂ ಏನು ವ್ಯತ್ಯಾಸ? ಮರದ ಹಲಗೆಗೆ ಬೇರಿಂಗ್ ಹಾಕಿ ಇಳಿಜಾರಿನಲ್ಲಿ ಬಿಟ್ಟವರಿಗೆ ಅರ್ಧ ಗೊತ್ತು. ಚಕ್ರ ರಸ್ತೆಯನ್ನು ಹಿಡಿದುಕೊಳ್ಳುತ್ತದೆ, ಕಾಲು ಊರಿದರೆ ನಿಲ್ಲುತ್ತದೆ. ಉಕ್ಕು ಐಸನ್ನು ಹಿಡಿಯುವುದಿಲ್ಲ, ಅಂಚಿನಲ್ಲಿ ಕೊಂಚ ಕಚ್ಚುತ್ತದೆ ಅಷ್ಟೇ. ರಸ್ತೆಯಲ್ಲಿ ಮೈಯ ನಿಲುವು, ಧೈರ್ಯ, ಕಣ್ಣಿನ ಚುರುಕು ಕಲಿಯಬಹುದು. ತಿರುವಿನ ಗೋಡೆ ಏರುವುದನ್ನು ಕಲಿಯಲಾಗದು, ಏಕೆಂದರೆ ರಸ್ತೆಗೆ ಗೋಡೆಯೇ ಇಲ್ಲ.

1998ರ ಫೆಬ್ರವರಿಯಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ಇದ್ದದ್ದು ಒಬ್ಬನೇ ಸ್ಪರ್ಧಿ, 16 ವರ್ಷದ ಕೇಶವನ್. ಒಲಿಂಪಿಕ್ಸ್ ಲೂಜ್‌ನ ಅತಿ ಕಿರಿಯ ಸ್ಪರ್ಧಿ ಎನಿಸಿಕೊಂಡರು. ಎರವಲು ಸ್ಲೆಡ್‌ನಲ್ಲಿ ಇಳಿದು 28ನೇ ಸ್ಥಾನ ಬಂದರು. ನಂತರ 2002ರಲ್ಲಿ ಸಾಲ್ಟ್ ಲೇಕ್ ಸಿಟಿ, 2006ರಲ್ಲಿ ಟುರಿನ್, 2010ರಲ್ಲಿ ವ್ಯಾಂಕೂವರ್, 2014ರಲ್ಲಿ ಸೋಚಿ, 2018ರಲ್ಲಿ ಪ್ಯೊಂಗ್‌ಚಾಂಗ್. ಟುರಿನ್‌ನ 25ನೇ ಸ್ಥಾನ ಒಲಿಂಪಿಕ್ಸ್‌ನಲ್ಲಿ ಅವರ ಅತ್ಯುತ್ತಮ ಸಾಧನೆ.

ಏಷ್ಯಾದ ಸ್ಪರ್ಧೆಗಳ ಕಥೆ ಬೇರೆ. 2011 ಮತ್ತು 2012ರಲ್ಲಿ ನಾಗಾನೊದಲ್ಲಿ ಏಷ್ಯನ್ ಚಿನ್ನ ಗೆದ್ದರು. 2016 ಮತ್ತು 2017ರಲ್ಲಿ ಮತ್ತೆ ಗೆದ್ದರು. ಚೆನ್ನಾಗಿ ಪರಿಚಯವಿದ್ದ ಹಾದಿ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಾಗಾನೊ ಉದಾಹರಣೆ: ಹದಿನಾರರ ಹುಡುಗ 28ನೇ ಸ್ಥಾನ ಬಂದ ಹಾದಿಯಲ್ಲೇ ಮೂವತ್ತರ ಆಟಗಾರ ಚಾಂಪಿಯನ್ ಆದ. 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ನಮ್ಮ ರಾಜ್ಯದಲ್ಲೂ ಇಂಥವರಿದ್ದಾರೆ. ಕೊಡಗಿನ ತೆಕ್ಕಡ ಭವಾನಿ ಹಿಮದ ಮೇಲಿನ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. ಕೊಡಗಿನಲ್ಲಿ ಬೀಳುವುದು ಮಳೆ, ಹಿಮವಲ್ಲ. ಹುಟ್ಟಿದ ಊರಿನ ಹವೆ ಆಟಗಾರರನ್ನು ತೀರ್ಮಾನಿಸುವುದಿಲ್ಲ. ಅಭ್ಯಾಸದ ಜಾಗ, ಸಲಕರಣೆ, ಹಣ ತೀರ್ಮಾನಿಸುತ್ತವೆ. ಮೈಯ ಮಟ್ಟಿಗೆ ಹೇಳುವುದಾದರೆ, ಮನುಷ್ಯ ಹೊಂದಿಕೊಳ್ಳುವ ಪ್ರಾಣಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳ. ಅಲ್ಲಿಯ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತಿತ್ತು, ಕೆಳಗೆ ತಂಪು ಗಾಳಿ ಕಳಿಸಲು ಯಂತ್ರ ಬೇಕಿತ್ತು. ಅಂಥಲ್ಲಿ ನಮ್ಮ ಹಿರಿಯರು ತಲೆಮಾರುಗಟ್ಟಲೆ ಪಾಳಿ ದುಡಿದರು. ಶಾಖಕ್ಕೆ ಒಗ್ಗುವ ಮೈ ಚಳಿಗೂ ಒಗ್ಗಿಕೊಳ್ಳಬಲ್ಲದು, ಸರಿಯಾದ ಬಟ್ಟೆ ಮತ್ತು ಸಮಯ ಕೊಟ್ಟರೆ.

ಮಾತು 4: "ಒತ್ತಡಕ್ಕೆ ಐಸ್ ಕರಗುತ್ತದೆ, ಅದಕ್ಕೇ ಜಾರುತ್ತದೆ"

ಇದು ಅರ್ಧ ಸತ್ಯ. ಎಷ್ಟೋ ಜನ ಶಾಲೆಯಲ್ಲಿ ಹೀಗೇ ಓದಿದ್ದೇವೆ. ಐಸ್ ಮೇಲೆ ಒತ್ತಡ ಬಿದ್ದರೆ ಅದು ಕರಗುವ ಉಷ್ಣತೆ ತಗ್ಗುತ್ತದೆ ಎಂಬುದು ನಿಜ. ಆದರೆ ಕೇವಲ ಒಂದು ಡಿಗ್ರಿ ತಗ್ಗಿಸಲು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 135 ಪಟ್ಟು ಬೇಕು. ಸೊನ್ನೆಗಿಂತ 10 ಡಿಗ್ರಿ ಕೆಳಗಿರುವ ಐಸನ್ನು ಹೀಗೆ ಕರಗಿಸಲು ಸಾವಿರ ಪಟ್ಟಿಗೂ ಹೆಚ್ಚು ಬೇಕಾಗುತ್ತದೆ. ಬರಿಗಾಲಿನ ಮಗು ಕೂಡ ಐಸ್ ಮೇಲೆ ಜಾರುತ್ತದಲ್ಲ, ಅದಕ್ಕೆ ಒತ್ತಡ ಕಾರಣವಾಗಲಾರದು.

ನಿಜವಾದ ಕಾರಣ ಎರಡು. ಒಂದು, ಐಸ್‌ನ ಮೇಲ್ಮೈಯಲ್ಲಿರುವ ಅಣುಗಳು ಒಳಗಿನವುಗಳಷ್ಟು ಬಿಗಿಯಾಗಿ ಕಟ್ಟಿಕೊಂಡಿರುವುದಿಲ್ಲ. ಹಾಗಾಗಿ ಸೊನ್ನೆಗಿಂತ ಕೆಳಗೂ ಅಲ್ಲಿ ಸಡಿಲವಾದ, ನೀರಿನಂಥ ತೆಳು ಪದರ ಇರುತ್ತದೆ. 1850ರಲ್ಲೇ ಮೈಕೆಲ್ ಫ್ಯಾರಡೆ ಇದನ್ನು ಊಹಿಸಿದ್ದರು. ಫ್ರಿಜ್‌ನಿಂದ ಎರಡು ಐಸ್ ತುಂಡು ತೆಗೆದು ಒಂದಕ್ಕೊಂದು ತಾಗಿಸಿ ಹಿಡಿಯಿರಿ, ಅಂಟಿಕೊಳ್ಳುತ್ತವೆ. ಎರಡರ ಸಡಿಲ ಪದರಗಳು ನಡುವೆ ಸಿಕ್ಕಿ ಗಟ್ಟಿಯಾದವು ಎಂಬುದು ಫ್ಯಾರಡೆಯ ವಿವರಣೆ. ಎರಡು, ಉಕ್ಕು ಐಸಿನ ಮೇಲೆ ಉಜ್ಜಿದಾಗ ಶಾಖ ಹುಟ್ಟಿ ಇನ್ನಷ್ಟು ತೆಳುವಾಗಿ ಕರಗುತ್ತದೆ.

ಹಾಗಾದರೆ ಐಸ್ ಬೆಚ್ಚಗಿದ್ದಷ್ಟೂ ಜಾರುವುದು ಸಲೀಸೇ? ಅದೂ ಅಲ್ಲ. ತೀರಾ ಬೆಚ್ಚಗಾದರೆ ಐಸ್ ಮೆತ್ತಗಾಗಿ ಉಕ್ಕು ಅದನ್ನು ಉಳುತ್ತದೆ. ತೀರಾ ತಣ್ಣಗಾದರೆ ಪದರ ಸಾಲದು. ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗೆ ಐಸ್ ಅತಿ ಹೆಚ್ಚು ಜಾರುತ್ತದೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಉಕ್ಕನ್ನು ಮೊದಲೇ ಬಿಸಿ ಮಾಡಿಕೊಂಡರೆ? ಲಾಭವಿದೆ, ಆದ್ದರಿಂದಲೇ ನಿಷೇಧವಿದೆ. ಸ್ಪರ್ಧೆಗೆ ಮೊದಲು ಉಕ್ಕಿನ ಉಷ್ಣತೆ ಅಳೆಯುತ್ತಾರೆ. 1968ರ ಒಲಿಂಪಿಕ್ಸ್‌ನಲ್ಲಿ ಪೂರ್ವ ಜರ್ಮನಿಯ ಮಹಿಳೆಯರನ್ನು ಇದೇ ಆರೋಪದ ಮೇಲೆ ಹೊರಗಿಟ್ಟರು.

ಮಾತು 5: "ಗೆಲಿಲಿಯೊ ಹೇಳಿದ್ದಾನೆ, ಭಾರಕ್ಕೂ ವೇಗಕ್ಕೂ ಸಂಬಂಧವಿಲ್ಲ"

ಗಾಳಿ ಇಲ್ಲದ ಕಡೆ ಈ ಮಾತು ಸರಿ. ಐಸ್ ಹಾದಿಯಲ್ಲಿ ಗಾಳಿ ಇದೆ. ಒಂದೇ ಗಾತ್ರದ ಇಬ್ಬರಲ್ಲಿ ಭಾರವಿರುವವನನ್ನು ಗಾಳಿ ಅಷ್ಟು ಸುಲಭವಾಗಿ ತಡೆಯಲಾರದು. ಖಾಲಿ ಪ್ಲಾಸ್ಟಿಕ್ ಬಾಟಲಿ ಮತ್ತು ನೀರು ತುಂಬಿದ ಬಾಟಲಿ ಎಸೆದು ನೋಡಿದರೆ ತಿಳಿಯುತ್ತದೆ. ಹಾಗಾಗಿ ಲೂಜ್‌ನಲ್ಲಿ ಹಗುರ ಮೈಯವರು ಮಿತಿಯೊಳಗೆ ಹೆಚ್ಚುವರಿ ಭಾರ ಕಟ್ಟಿಕೊಳ್ಳಲು ನಿಯಮವೇ ಅವಕಾಶ ಕೊಡುತ್ತದೆ.

ಆರೋಗ್ಯದ ಎರಡು ಮಾತು

"ಚಳಿಗೆ ಒಂದು ಪೆಗ್ ಹಾಕಿದರೆ ಮೈ ಬೆಚ್ಚಗಾಗುತ್ತದೆ" ಎಂಬುದು ಅಪಾಯದ ನಂಬಿಕೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿರಕ್ತ ಚರ್ಮಕ್ಕೆ ಬಂದು ಬೆಚ್ಚಗೆನಿಸುತ್ತದೆ, ಆದರೆ ಆ ಶಾಖ ಹೊರಗೆ ಹೋಗಿ ದೇಹದ ಒಳಗಿನ ಉಷ್ಣತೆ ಇಳಿಯುತ್ತದೆ. ಹಿಮದೂರಿಗೆ ಪ್ರವಾಸ ಹೋಗುವವರು ನೆನಪಿಡಿ. ಚಳಿಗೆ ಮರಗಟ್ಟಿದ ಬೆರಳನ್ನು ಹಿಮದಿಂದ ಉಜ್ಜುವುದೂ ತಪ್ಪು. ನಿಧಾನವಾಗಿ ಬೆಚ್ಚಗೆ ಮಾಡಿ, ವೈದ್ಯರಿಗೆ ತೋರಿಸಿ.

ಇನ್ನೊಂದು, ತಲೆಯ ಪೆಟ್ಟು. ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆ. ಒಳಗೆ ಮೆದುಳು ಅದುರುವುದನ್ನು ಪೂರ್ತಿ ತಡೆಯುವುದಿಲ್ಲ. ವರ್ಷಗಟ್ಟಲೆ ಅದುರಾಟ ತಿಂದ ಸ್ಲೆಡ್ ಆಟಗಾರರಲ್ಲಿ ತಲೆನೋವು, ಮಂಕು, ಬೆಳಕು ಸಹಿಸದಿರುವುದು ಕಂಡುಬಂದಿದೆ. ಅವರೇ ಇದಕ್ಕೆ 'ಸ್ಲೆಡ್ ಹೆಡ್' ಎಂದು ಹೆಸರಿಟ್ಟಿದ್ದಾರೆ. ಬೈಕಿನಿಂದ ಬಿದ್ದವರಿಗೂ ಪಾಠ ಇದೇ: ರಕ್ತ ಬಂದಿಲ್ಲ ಎಂದರೆ ಪೆಟ್ಟಾಗಿಲ್ಲ ಎಂದಲ್ಲ. ವಾಂತಿ, ಮಂಪರು, ಗೊಂದಲ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಆ ವಿಡಿಯೊ?

ಮತ್ತೆ ಸೋಚಿಗೆ ಬರೋಣ. ಕೇಶವನ್ ಬಿದ್ದದ್ದು ನಿಜ, ಮತ್ತೆ ಹತ್ತಿದ್ದೂ ನಿಜ. ಅದು ಪವಾಡವಲ್ಲ. ಬಿದ್ದಾಗಲೂ ಸ್ಲೆಡ್ ಮತ್ತು ಮೈ ಒಂದೇ ವೇಗದಲ್ಲಿ ಜಾರುತ್ತಿರುತ್ತವೆ. ಓಡುವ ರೈಲಿನಲ್ಲಿ ಕೈಯಿಂದ ಜಾರಿದ ಚೆಂಡು ಹಿಂದಕ್ಕೆ ಹಾರಿಹೋಗದೆ ನಿಮ್ಮ ಕಾಲ ಬುಡದಲ್ಲೇ ಬೀಳುವ ಹಾಗೆ. ಸ್ಲೆಡ್ ಕೈಯಳತೆಯಲ್ಲೇ ಇತ್ತು. ಅದನ್ನು ಬಿಡದಿರುವ, ಗಾಬರಿಯಾಗದಿರುವ ಬುದ್ಧಿ ಮಾತ್ರ ಹದಿನಾರು ವರ್ಷಕ್ಕೂ ಹೆಚ್ಚಿನ ಅಭ್ಯಾಸದ್ದು.

ಆ ಒಲಿಂಪಿಕ್ಸ್‌ನಲ್ಲಿ ಅವರು 37ನೇ ಸ್ಥಾನ ಬಂದರು. ಎದೆಯ ಮೇಲೆ ಭಾರತದ ಹೆಸರಿರಲಿಲ್ಲ. ಭಾರತೀಯ ಒಲಿಂಪಿಕ್ ಸಂಸ್ಥೆ ಆಗ ಅಮಾನತಿನಲ್ಲಿದ್ದ ಕಾರಣ ಒಲಿಂಪಿಕ್ ಧ್ವಜದಡಿ ಸ್ವತಂತ್ರ ಸ್ಪರ್ಧಿಯಾಗಿ ಇಳಿದರು. ಅಮಾನತು ತೆರವಾದದ್ದು ಫೆಬ್ರವರಿ 11ರಂದು, ಅವರ ಸ್ಪರ್ಧೆ ಮುಗಿದ ಮೇಲೆ. ವಿಡಿಯೊದ ಕೆಳಗೆ ಯಾರೂ ಬರೆಯದ ಸಾಲು ಇದು.

ಫಾರ್ವರ್ಡ್ ಮಾಡುವ ಮೊದಲು

- "ಚಿನ್ನ ಗೆದ್ದ ಓಟ" ಎಂದು ಬರೆದಿದ್ದರೆ ಅಳಿಸಿ. ಚಳಿಗಾಲದ ಒಲಿಂಪಿಕ್ಸ್‌ನ ಲೂಜ್‌ನಲ್ಲಿ ಭಾರತ ಪದಕ ಗೆದ್ದಿಲ್ಲ. ಏಷ್ಯನ್ ಚಿನ್ನ ಬೇರೆ, ಅದು ನಿಜ.
- ರಸ್ತೆಯ ವಿಡಿಯೊ ಕಳಿಸುವುದಾದರೆ ಒಂದು ಸಾಲು ಸೇರಿಸಿ: "ಇವರು ತರಬೇತಿ ಪಡೆದವರು, ನೀವು ಮಾಡಬೇಡಿ." ಬೇತಮಂಗಲದ ರಸ್ತೆಯಲ್ಲಿ ಬರುವ ಟಿಪ್ಪರ್ ಚಾಲಕನಿಗೆ ನೆಲಮಟ್ಟದಲ್ಲಿ ಮಲಗಿ ಬರುವ ಹುಡುಗ ಕಾಣಿಸುವುದೇ ಇಲ್ಲ.
- 1988ರ ಜಮೈಕಾ ಬಾಬ್‌ಸ್ಲೆ ತಂಡ ಉರುಳಿಬಿದ್ದ ಸ್ಲೆಡ್ಡನ್ನು ಹೆಗಲ ಮೇಲೆ ಹೊತ್ತು ಗುರಿ ಮುಟ್ಟಿತು ಎಂಬ ಸಂದೇಶ ಬಂದರೆ, ಅದು 1993ರ ಸಿನಿಮಾ ದೃಶ್ಯ. ಉರುಳಿದ್ದು ನಿಜ. ಆದರೆ ಅವರು ಸ್ಲೆಡ್ ಪಕ್ಕದಲ್ಲಿ ನಡೆದು ಗುರಿ ಮುಟ್ಟಿದರು.
- "ಕೊನೆಯಲ್ಲಿ ಬಂದ" ಎಂದು ನಗುವ ಮೊದಲು ಆ ಐದು ನಿಮಿಷದ ಲೆಕ್ಕ ಒಮ್ಮೆ ಹಾಕಿ. ಪಠ್ಯಪುಸ್ತಕವನ್ನು ಐದು ನಿಮಿಷ ತೋರಿಸಿ, ಎಂಟು ಗಂಟೆ ಓದಿದವನ ಪಕ್ಕದಲ್ಲಿ ಕೂರಿಸಿ ಪರೀಕ್ಷೆ ಬರೆಸಿದರೆ ನಮ್ಮ ಮಕ್ಕಳ ಅಂಕ ಎಷ್ಟು ಬರಬಹುದು?